ಸೋಫಾ ಕ್ಲಾಸಿನ ಮ್ಯಾನೇಜರು

ನಮ್ಮೂರ ಟಾಕೀಸಿನ ಮ್ಯಾನೇಜರ ಬಿಳಿ ಪ್ಯಾಂಟು ಮುಂದಿನಿಂದ ನೋಡಿದರೆ ಇಸ್ತ್ರಿಯ ಗೆರೆ ಮುರಿಯದ ಹಾಲುಬಿಳುಪು. ಹಿಂದಿನಿಂದ ನೋಡಿದರೆ ಎರಡು ದೊಡ್ಡ ಕೆಂಪು ವೃತ್ತ. ಆಟ ಶುರುವಾಗುವ ಮೊದಲು ಅವರು ಬಾಲ್ಕನಿಯ ಒಂದೊಂದು ಸೋಫಾದಲ್ಲೂ ಸ್ವತಃ ಕೂತು, ಎದ್ದು, ಕಸ ಹೊಡೆಯುವ ಹೆಂಗಸಿನ ಕಡೆಗೆ ಬೆನ್ನು ತಿರುಗಿಸಿ, "ನೋಡವಾ, ಹತ್ತೇದೇನು?" ಎಂದು ಕೇಳುತ್ತಿದ್ದರು. ಆಕೆ ಬಾಯಿಗೆ ಸೆರಗು ಒತ್ತಿ ನಗು ತಡೆದು, "ಹತ್ತೈತ್ರಿ" ಅಂದರೆ ಆ ಸೋಫಾಕ್ಕೆ ಮತ್ತೊಮ್ಮೆ ಒದ್ದೆ ಬಟ್ಟೆ ಬೀಳುತ್ತಿತ್ತು. ದೂಳು ಹೋಯಿತೋ ಇಲ್ಲವೋ ತಿಳಿಯಲು ಅವರಿಗೆ ಇದಕ್ಕಿಂತ ನಂಬಿಕೆಯ ಉಪಾಯ ಗೊತ್ತಿರಲಿಲ್ಲ.

ಸಂಡೂರಿನ ಗುಡ್ಡಗಳು ಲಾರಿ ಹತ್ತಿ ನಮ್ಮ ಹೊಸಪೇಟೆಯನ್ನು ಹಾದು ಬಂದರುಗಳ ಕಡೆಗೆ ಹೊರಟಿದ್ದ ವರ್ಷಗಳು ಅವು. ಬೇವಿನ ಮರ ಕೆಂಪು, ದನ ಕೆಂಪು, ಒಣಗಲು ಹಾಕಿದ ಪಂಚೆ ಕೆಂಪು. ನಾನು ರಸಾಯನಶಾಸ್ತ್ರದಲ್ಲಿ ಪದವಿ ಪಡೆದು ಅದಿರು ಪರೀಕ್ಷಿಸುವ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದೆ. ಮನೆಗೆ ಬಂದು ಸೀನಿದರೆ ಕರವಸ್ತ್ರದ ಮೇಲೆ ಇನ್ನೊಂದು ಸ್ಯಾಂಪಲ್ ಬೀಳುತ್ತಿತ್ತು. ಇಂಥ ಊರಿನಲ್ಲಿ, ಚಿತ್ತವಾಡ್ಗಿ ರಸ್ತೆಯ ಹಳೆಯ ಟಾಕೀಸಿನ ಮಾಲೀಕರು ಹೊಸದಾಗಿ ಬಂದ ಗಣಿ ದುಡ್ಡಿನ ಹುರುಪಿನಲ್ಲಿ ಬಾಲ್ಕನಿಯ ಕುರ್ಚಿಗಳನ್ನೆಲ್ಲ ಕಿತ್ತುಹಾಕಿ ಕೆನೆಬಣ್ಣದ ಸೋಫಾ ತರಿಸಿದರು. ಕೈಯ ಪಕ್ಕದ ಗುಂಡಿ ಒತ್ತಿದರೆ ಸಾಕು, ಒಳಗಿನ ಮೋಟರು ಝಂಯ್ ಎಂದು ಬೆನ್ನನ್ನು ಹಿಂದಕ್ಕೆ ಮಲಗಿಸಿ ಕಾಲನ್ನು ಮೇಲಕ್ಕೆ ಎತ್ತುತ್ತಿತ್ತು. ಬೋರ್ಡಿನಲ್ಲಿ ಏನೋ ಇಂಗ್ಲಿಷ್ ಹೆಸರು ಬರೆಸಿದ್ದರು. ಊರು ಅದನ್ನು ಸೋಫಾ ಕ್ಲಾಸ್ ಎಂದಿತು.

ಮ್ಯಾನೇಜರು ಹಂಪಿಯ ಕಡೆಯ ಅರ್ಚಕರ ಮನೆತನದವರು. ಗರ್ಭಗುಡಿ ಅಣ್ಣನ ಪಾಲಿಗೆ ಹೋಯಿತು, ಟಾಕೀಸು ಇವರ ಪಾಲಿಗೆ ಬಂತು. ಆದರೆ ನಡವಳಿಕೆಯಲ್ಲಿ ಅವರು ಎರಡಕ್ಕೂ ಭೇದ ಮಾಡಲಿಲ್ಲ. ಕೆನೆಬಣ್ಣದ ಸೋಫಾಗಳಿಗೆ ದಪ್ಪ ಬಿಳಿ ಬಟ್ಟೆಯ ಹೊದಿಕೆ ಹೊಲಿಸಿ, ಒರೆಸಿದ ಮೇಲೆ ಹಾಸತೊಡಗಿದರು. ಅಷ್ಟಕ್ಕೂ ಸಮಾಧಾನವಾಗದೆ, ಸೋಫಾ ಕ್ಲಾಸಿಗೆ ಬರುವವರೆಲ್ಲ ಪಾದರಕ್ಷೆ ಹೊರಗೆ ಬಿಡಬೇಕೆಂದು ಕಟ್ಟಳೆ ಮಾಡಿದರು. ಕಿರಿದಾದ ಮೆಟ್ಟಿಲು ಮುಗಿಯುವ ಜಾಗದಲ್ಲಿ, ಬಾಗಿಲಿಗೆ ಎದುರಾಗಿ, ಆಳೆತ್ತರದ ಕಬ್ಬಿಣದ ರ‍್ಯಾಕು ನಿಂತಿತು.

ಸಂಡೂರಿನ ಒಬ್ಬ ಲಾರಿ ಧಣಿ ಮೊದಲ ದಿನವೇ ಜಗಳಕ್ಕೆ ನಿಂತರು. "ಇದೇನು ಗುಡಿ ಐತೇನ್ರಿ?"

"ಗುಡಿಯೊಳಗ ನೀವು ಮೂರು ತಾಸು ಕುಂದರಂಗಿಲ್ಲಲ್ರೀ," ಎಂದರು ಮ್ಯಾನೇಜರು. "ಇಲ್ಲಿ ಕುಂದರ್ತೀರಿ. ಅಂದಮ್ಯಾಲ ಯಾವುದು ದೊಡ್ಡದು?"

ಧಣಿ ಬೂಟು ಬಿಚ್ಚಿದರು. ಅವರು ಬರುತ್ತಿದ್ದದ್ದೇ ನಿದ್ದೆಗೆ. ಇಡೀ ರಾತ್ರಿ ಲಾರಿ ಲೋಡು ಮಾಡಿಸಿ, ಮಧ್ಯಾಹ್ನ ತಣ್ಣಗೆ ಮಲಗಲು ಮುಂದಿನ ಸಾಲಿನ ಮೂಲೆಯ ಸೋಫಾ ಹಿಡಿಯುತ್ತಿದ್ದರು. ಒಮ್ಮೆ ಹೊಡೆದಾಟದ ದೃಶ್ಯದ ನಡುವೆ ಎದ್ದು, "ರೀ ಮ್ಯಾನೇಜರ್, ಸೌಂಡ್ ಸ್ವಲ್ಪ ಕಮ್ಮಿ ಮಾಡಿಸ್ರಿ, ನಿದ್ದಿ ಬರವಲ್ದು" ಎಂದು ಕೂಗಿದರು. "ಈಗ ಮಾಡಿಸ್ತೀನ್ರೀ" ಎಂದು ಮ್ಯಾನೇಜರು ಹೊರಗೆ ಹೋಗಿ, ಕಾರಿಡಾರಿನಲ್ಲಿ ಸ್ವಲ್ಪ ಹೊತ್ತು ನಿಂತು, ಒಳಗೆ ಬಂದರು. ಅಷ್ಟರಲ್ಲಿ ಧಣಿ ಗೊರಕೆ ಹೊಡೆಯುತ್ತಿದ್ದರು. "ಗಿರಾಕಿಗೆ ಇಲ್ಲ ಅನಬಾರದವಾ," ಎಂದು ಹಿಂದಿನ ಸೋಫಾದಲ್ಲಿದ್ದ ನನಗೆ ಪಿಸುಗುಟ್ಟಿದರು. "ಮಾಡಿಸ್ತೀನಿ ಅನಬೇಕು. ಅಷ್ಟಕ್ಕ ಮುಕ್ಕಾಲು ಮಂದಿಗೆ ನಿದ್ದಿ ಹತ್ತತದ."

ಎಂಥೆಂಥ ಗಿರಾಕಿಗಳು! ಹೊಲವನ್ನು ಅದಿರು ರಾಶಿ ಹಾಕಲು ಬಾಡಿಗೆಗೆ ಕೊಟ್ಟ ಪಾಪಿನಾಯಕನಹಳ್ಳಿಯ ಗೌಡರು ಒಂದೇ ಸೋಫಾಕ್ಕೆ ಟಿಕೆಟ್ ತೆಗೆದು, ತಾವು ಕೂತು, ಕಾಲಿಡುವ ಹಲಗೆಯ ಮೇಲೆ ಹೆಂಡತಿಯನ್ನು ಕೂರಿಸಿ, ಗುಂಡಿ ಒತ್ತಿ ಆಕೆಯನ್ನು ಮೇಲೆ ಕೆಳಗೆ ಆಡಿಸುತ್ತಿದ್ದರು. ಕಂಪ್ಲಿಯ ಅಕ್ಕಿ ಗಿರಣಿಯವರು ಬುತ್ತಿ ಬಿಚ್ಚುತ್ತಿದ್ದರು. ಮ್ಯಾನೇಜರು ಅವರ ಮಡಿಲಿಗೆ ಹಳೆಯ ಪೇಪರ್ ಹಾಸಿ, "ಸಾರು ಮಾತ್ರ ಇಂಟರ್‌ವಲ್ಲಿನಾಗ ಕಲಸ್ರಿ, ದಮ್ಮಯ್ಯ" ಎಂದು ಬೇಡಿಕೊಳ್ಳುತ್ತಿದ್ದರು.

ಪಾದರಕ್ಷೆಗೆ ಅವರು ಟೋಕನ್ ಕೊಡುತ್ತಿರಲಿಲ್ಲ. "ಮುಖ ಮರೀತೀನಿ, ಚಪ್ಪಲಿ ಮರಿಯಂಗಿಲ್ಲ" ಎನ್ನುತ್ತಿದ್ದರು. ಅದು ನಿಜ. ಕಾಯಿಪಲ್ಯೆ ಮಾರುಕಟ್ಟೆಯಲ್ಲಿ ಒಮ್ಮೆ ನನ್ನ ನಮಸ್ಕಾರಕ್ಕೆ ಗುರುತು ಸಿಗದೆ ಪೆಚ್ಚಾಗಿ ನಿಂತು, ಆಮೇಲೆ ನನ್ನ ಪಾದ ನೋಡಿ ಮುಖವರಳಿಸಿದರು. "ಓ! ಎಡಗಾಲಿನ ಉಂಗುಟ ಹರಿದದ್ದು! ಅತ್ತಿಯವರು ಆರಾಮ ಇದ್ದಾರಲ್ಲಾ?"

ನನ್ನ ಅತ್ತೆ ಅವರ ಖಾಯಂ ಗಿರಾಕಿ. ವಾರವಿಡೀ ಮಡಿ, ಪೂಜೆ, ಅಡುಗೆ. ಏಕಾದಶಿಯ ದಿನ ಒಲೆ ಹಚ್ಚುವಂತಿಲ್ಲ, ಹಾಗಾಗಿ ಅಂದು ಅವರಿಗೆ ಬಿಡುವು. ಆ ಬಿಡುವು ಭಾನುವಾರ ಬಂದರೆ ನನ್ನನ್ನು ಎಳೆದುಕೊಂಡು ಮ್ಯಾಟಿನಿಗೆ ಹೊರಡುತ್ತಿದ್ದರು. "ಏಕಾದಶಿ ದಿನ ಸಿನಿಮಾ ನಡೀತದೇನ್ರೀ ತಾಯಿ?" ಎಂದು ಮ್ಯಾನೇಜರು ಕೆಣಕಿದರೆ, "ಉಪವಾಸ ಹೊಟ್ಟಿಗೆ ಹೇಳ್ಯಾರ, ಕಣ್ಣಿಗೆ ಹೇಳಿಲ್ಲ. ಬಾಗಲಾ ತಗೀರಿ" ಎನ್ನುತ್ತಿದ್ದರು. ಮೊದಲ ಸಲ ಗುಂಡಿ ಒತ್ತಿದಾಗ, "ಅಯ್ಯಯ್ಯ, ಇದು ನನ್ನ ಎತ್ತಲಿಕ್ಕೆ ಹತ್ತೇದಲ್ಲೇ!" ಎಂದು ಅವರು ಚೀರಿದ್ದು ಕೆಳಗಿನ ಕ್ಲಾಸಿಗೂ ಕೇಳಿ, ಅಲ್ಲಿಂದ ಸೀಟಿ ಬಂದಿತ್ತು. ಮೊಣಕಾಲು ನೋವಿನ ಅತ್ತೆಗೆ ಆಮೇಲೆ ಆ ಸೋಫಾ ಎಷ್ಟು ಹಿಡಿಸಿತೆಂದರೆ, ಆಟ ಮುಗಿದರೂ ಇಳಿಯಲು ಮನಸ್ಸು ಬರುತ್ತಿರಲಿಲ್ಲ.

ಅಂಥದೇ ಒಂದು ಏಕಾದಶಿ ಭಾನುವಾರ, ಹೊಸ ಚಿತ್ರ ಬಂದ ವಾರ. ಹೀರೋ ಕಾಣಿಸಿದಾಗಲೆಲ್ಲ ಕೆಳಗಿನ ಅಭಿಮಾನಿಗಳು ಪರದೆಯ ಮುಂದೆ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಆರತಿ ಎತ್ತುವುದು ನಮ್ಮೂರಿನ ಪದ್ಧತಿ. ಆ ದಿನವೂ ಹೊಗೆ ಮೇಲೆ ಬಂತು. ಯಾರೂ ಗಮನಿಸಲಿಲ್ಲ. ಇಂಟರ್‌ವಲ್ ಆದಮೇಲೆ ಮತ್ತೆ ಹೊಗೆ ಬಂದಾಗ ಸೋಫಾ ಕ್ಲಾಸಿನವರೂ ಚಪ್ಪಾಳೆ ತಟ್ಟಿದರು. ಅತ್ತೆ ಕಣ್ಣುಮುಚ್ಚಿ ಕೈಮುಗಿದರು. ನಾನು, ದಿನವೂ ಲ್ಯಾಬಿನ ಕುಲುಮೆಯ ಮುಂದೆ ನಿಲ್ಲುವವಳು, ವಾಸನೆ ಬೇರೆ ಬಂದರೂ ಈ ಸಲ ಕರ್ಪೂರ ಕಳಪೆ ಅಂದುಕೊಂಡೆ.

ಆಗ ಮೂಲೆಯ ಸೋಫಾದ ಅಡಿಯಿಂದ ಪಟಪಟ ಕಿಡಿ ಹಾರಿತು. ಗೊರಕೆ ನಿಂತಿತು. "ಏ ನನ್ನ ಕೆಳಗ ಬೆಂಕಿ ಐತಲೇ!" ಎಂದು ಧಣಿ ಹಾರಿ ನಿಂತರು. ಅದರ ಹಿಂದೆಯೇ ಯಾರೋ ಮೇನ್ ಸ್ವಿಚ್ ಎಳೆದರು. ಪರದೆ ಕಪ್ಪಾಯಿತು, ಮೋಟರುಗಳು ಸತ್ತವು. ಕಾಲು ಮೇಲೆ ಮಾಡಿ ಮಲಗಿದ್ದವರೆಲ್ಲ ಹಾಗೆಯೇ ಸಿಕ್ಕಿಬಿದ್ದರು. ಗಟ್ಟಿಮುಟ್ಟಾದವರು ಉರುಳಿ, ಜಾರಿ, ಒಬ್ಬರ ಮೇಲೊಬ್ಬರು ಬಿದ್ದು ಎದ್ದರು. ಅತ್ತೆ ಏಳಲಿಲ್ಲ. ಬೆನ್ನು ಕೆಳಗೆ, ಪಾದ ಮೇಲೆ, ಹೊಟ್ಟೆಯಲ್ಲಿ ಉಪವಾಸ. ನಾನು ರಟ್ಟೆ ಹಿಡಿದು ಎಳೆದರೆ ಸೋಫಾ ಅವರನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತಿತ್ತು.

"ನೀ ಹೋಗು," ಎಂದರು ಅತ್ತೆ.

"ಸುಮ್ಮನಿರ್ರಿ" ಎಂದೆ. ಆಗಲೇ ಗಂಟಲು ಉರಿಯುತ್ತಿತ್ತು.

ಸಹಾಯಕ್ಕೆ ಯಾರನ್ನಾದರೂ ಕರೆಯೋಣವೆಂದು ಬಾಗಿಲಿಗೆ ಓಡಿದೆ. ಅಲ್ಲಿ ಕಂಡದ್ದು ಇವತ್ತಿಗೂ ಕಣ್ಣೆದುರು ಬರುತ್ತದೆ. ಸೋಫಾ ಕ್ಲಾಸಿನ ಜನವೆಲ್ಲ ರ‍್ಯಾಕಿನ ಮುಂದೆ ಮುಗಿಬಿದ್ದು ತಮ್ಮ ತಮ್ಮ ಪಾದರಕ್ಷೆ ಹುಡುಕುತ್ತಿದ್ದರು! "ನಂದು ಕಂದು ಬಣ್ಣದ್ದು ನೋಡ್ರಿ", "ಏ, ಅದು ನಂದಲೇ, ಬಿಡು" ಎಂಬ ಕೂಗಾಟ. ಬೆನ್ನ ಹಿಂದೆ ಹೊಗೆ. ಒಬ್ಬ ಮಹಾಶಯ ಮೊದಲನೇ ಮೆಟ್ಟಿಲಿನ ಮೇಲೆ ಕೂತು ನಿಧಾನವಾಗಿ ಲೇಸು ಕಟ್ಟುತ್ತಿದ್ದ. ಆತನನ್ನು ದಾಟದೆ ಕೆಳಗಿಳಿಯಲು ದಾರಿಯೇ ಇರಲಿಲ್ಲ. ಆ ಲೇಸಿನ ಕುಣಿಕೆ ಇನ್ನೂ ನನ್ನ ನಿದ್ದೆಯಲ್ಲಿ ಬಿಗಿಯುತ್ತದೆ. ಎಚ್ಚರವಾದಾಗ ಕೈ ಅತ್ತೆಯ ರಟ್ಟೆಯನ್ನು ಹುಡುಕುತ್ತಿರುತ್ತದೆ.

ಮ್ಯಾನೇಜರಿಗೆ ದೊಡ್ಡ ಮೈ, ಸಣ್ಣ ದನಿ. "ಬೆಂಕಿ ಹತ್ತೇದ್ರೀ, ಬರಿಗಾಲಿಲೇ ಇಳೀರಿ" ಎಂದು ಅವರು ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ. ಒಂದು ಗಳಿಗೆ ಅವರು ಜನವನ್ನು ನೋಡಿದರು, ರ‍್ಯಾಕನ್ನು ನೋಡಿದರು. ಆಮೇಲೆ ಪಕ್ಕದ ಕಿಟಕಿ ತೆರೆದು, ಮೇಲಿನ ಸಾಲಿನಿಂದ ಒಂದು ಜೊತೆ ಬೂಟು ಎತ್ತಿ ಅಂಗಳಕ್ಕೆ ಎಸೆದರು. ಮತ್ತೊಂದು ಜೊತೆ. ಆಮೇಲೆ ಎರಡೂ ತೋಳಿನಿಂದ ಬಾಚಿ ಬಾಚಿ ಎಸೆದರು.

"ಏ ಮ್ಯಾನೇಜರ್! ಅದು ಸಿಂಗಾಪುರದ್ರೀ!" ಎಂದು ಲಾರಿ ಧಣಿ ಅರಚಿದರು.

"ಸಿಂಗಾಪುರಕ್ಕ ಹೊಂಟದ್ರೀ! ಹಿಂದ ಓಡ್ರಿ!"

ಬೆಂಕಿಗೆ ಕದಲದ ಜನ ಬೂಟಿಗೆ ಕದಲಿದರು. ಧಡಧಡ ಮೆಟ್ಟಿಲಿಳಿದರು. ಲೇಸು ಕಟ್ಟುತ್ತಿದ್ದವನ ಕಾಲಿನಿಂದಲೇ ಬೂಟು ಕಿತ್ತು ಎಸೆದಾಗ ಅವನೂ ಬೈಯುತ್ತ ಓಡಿದ. ಮೆಟ್ಟಿಲು ಖಾಲಿ.

"ಅತ್ತಿ ಒಳಗ ಸಿಕ್ಕೊಂಡಾರ್ರೀ" ಎಂದು ಹೇಳುವಷ್ಟರಲ್ಲಿ ನನಗೆ ಅಳು ಬಂತು. ಮ್ಯಾನೇಜರು ಕರವಸ್ತ್ರ ಮೂಗಿಗೆ ಕಟ್ಟಿ ನನಗಿಂತ ಮೊದಲು ಒಳಗೆ ನುಗ್ಗಿದರು. ಕಿಡಿ ಈಗ ಜ್ವಾಲೆಯಾಗಿ ಮುಂದಿನ ಸಾಲನ್ನು ನೆಕ್ಕುತ್ತಿತ್ತು. ಅವರು ಎತ್ತಲು ಕೈಚಾಚಿದರೆ ಅತ್ತೆ, "ಮೈ ಮುಟ್ಟಬ್ಯಾಡ್ರೀ!" ಎಂದು ಕೆಮ್ಮುತ್ತಲೇ ಗದರಿದರು. ಮಡಿಯೋ, ನಾಚಿಕೆಯೋ, ಗಾಬರಿಯೋ ನಾನರಿಯೆ.

"ನಿಮ್ಮನ್ನ ಯಾರು ಮುಟ್ಟತಾರ ತಾಯಿ? ನಾ ನನ್ನ ಬಟ್ಟಿ ಒಗ್ಯಾಕ ಒಯ್ಯಲಿಕ್ಕೆ ಹತ್ತೀನಿ," ಎಂದು ಮ್ಯಾನೇಜರು ಸೋಫಾದ ಬಿಳಿ ಹೊದಿಕೆಯ ತಲೆಯ ಕಡೆಯ ಎರಡೂ ತುದಿ ಹಿಡಿದರು. ಕಾಲಿನ ಕಡೆಗೆ ನಾನು. ಎಳೆದೆವು. ಹೊದಿಕೆಯ ಸಮೇತ ಅತ್ತೆ ನೆಲಕ್ಕೆ ಬಂದರು. ಎತ್ತಲು ಮಾತ್ರ ನನ್ನ ಕೈಗೆ ಬಲ ಸಾಲಲಿಲ್ಲ.

ಆ ಹೊತ್ತಿಗೆ ಹೊಗೆಯೊಳಗಿಂದ ಲಾರಿ ಧಣಿ ಪ್ರತ್ಯಕ್ಷರಾದರು. "ಒಂದ ಬೂಟು ಸಿಕ್ತು. ಇನ್ನೊಂದೆಲ್ಲಿ ಐತ್ರೀ?"

"ಈ ತಾಯಿ ಕೆಳಗ ಹೋದಮ್ಯಾಲ ಹೇಳ್ತೀನಿ. ಹಿಡೀರಿ!"

ಒಂದು ಕಾಲಿಗೆ ಸಿಂಗಾಪುರದ ಬೂಟು, ಇನ್ನೊಂದು ಬರಿಗಾಲು. ಧಣಿ ನನ್ನ ಪಕ್ಕದ ತುದಿ ಹಿಡಿದರು. ಅತ್ತೆಯನ್ನು ಜೋಲಿಯಲ್ಲಿ ಮಲಗಿಸಿಕೊಂಡು ಮೂವರೂ ಮೆಟ್ಟಿಲಿಳಿದೆವು. ನಡುದಾರಿಯಲ್ಲಿ ಜೋಲಿಯೊಳಗಿಂದ, "ಸಾವಕಾಶ ಇಳೀರೀ, ತಲಿ ಬಡೀತದ" ಎಂಬ ದನಿ ಕೇಳಿದಾಗ, ಅತ್ತೆ ಬದುಕುತ್ತಾರೆ ಎಂದು ನನಗೆ ಗೊತ್ತಾಯಿತು.

ಕೆಳಗಿನ ಕ್ಲಾಸಿನವರು ಮೊದಲೇ ಬೀದಿಗಿಳಿದಿದ್ದರು. ಅಗ್ನಿಶಾಮಕದವರು ಬಂದು ಬೆಂಕಿ ಆರಿಸಿದರು, ಯಾರಿಗೂ ಏನೂ ಆಗಲಿಲ್ಲ. ಸುಟ್ಟ ಸೋಫಾ ಬಿಚ್ಚಿದ ಕರೆಂಟಿನವನು ಕೈತುಂಬ ಕೆಂಪು ದೂಳು ತೆಗೆದು ತೋರಿಸಿದ: "ಮೋಟರಿನೊಳಗ ಅರ್ಧ ಸಂಡೂರು ಐತ್ರೀ." ಮೇಲೆ ಅಷ್ಟು ಒರೆಸಿದ್ದ ಮ್ಯಾನೇಜರು ಅಡಿಯಲ್ಲಿ ಎಂದೂ ಬಗ್ಗಿ ನೋಡಿರಲಿಲ್ಲ. ಅಂಗಳದಲ್ಲಿ ಜನ ಬರಿಗಾಲಲ್ಲಿ ಕುಣಿಯುತ್ತ ಜೋಡಿ ಹುಡುಕುತ್ತ ಅವರನ್ನೇ ಬೈಯುತ್ತಿದ್ದರು. ಅವರು ನನ್ನ ಪಕ್ಕ ಬಂದು ಕೂತರು.

"ಬೂಟು ಒಗದೆ ಅಂತ ಬೈತಾರ," ಎಂದರು. "ದಾರಿಯೊಳಗ ರ‍್ಯಾಕ್ ಇಟ್ಟಾವ ಯಾರು ಅಂತ ಒಬ್ಬರೂ ಕೇಳವಲ್ಲರು ನೋಡವಾ."

ಮೆಟ್ಟಿಲು ಖಾಲಿ ಮಾಡಿಸಿದವರೂ ನೀವೇ ಅಲ್ಲವೇ ಎಂದು ನಾನು ಹೇಳಬಹುದಾಗಿತ್ತು.

ಮರುವಾರ ರ‍್ಯಾಕು ಗುಜರಿಗೆ ಹೋಯಿತು. ಉಳಿದ ಸೋಫಾಗಳ ಮೋಟರು ತೆಗೆಸಿದರು. ಜನ ಕೆಂಪು ಬೂಟಿನಲ್ಲೇ ಒಳಗೆ ಬಂದರು, ಕೆನೆಬಣ್ಣ ಇಟ್ಟಿಗೆಬಣ್ಣವಾಯಿತು. ಮ್ಯಾನೇಜರು ಬಾಗಿಲಲ್ಲಿ ನಿಂತು ಎಲ್ಲರಿಗೂ "ಬರ‍್ರಿ, ಹಂಗ ಬರ‍್ರಿ" ಎನ್ನುತ್ತಿದ್ದರು. ಆಮೇಲೆ ಗಣಿಗಳು ನಿಂತವು, ಲಾರಿಗಳು ನಿಂತವು, ಟಾಕೀಸಿಗೂ ಬೀಗ ಬಿತ್ತು. ಅವರು ಹಂಪಿಗೆ ಮರಳಿದರೆಂದು ಕೇಳಿದೆ. ಒಮ್ಮೆ ಹೋಗಿ ಮಾತಾಡಿಸಬೇಕೆಂದು ನಾನೂ ಅತ್ತೆಯೂ ಅಂದುಕೊಂಡದ್ದೇ ಬಂತು.

ಒಂದು ಬೆಳಿಗ್ಗೆ ಹಾಲಿನವರು ಮ್ಯಾನೇಜರು ತೀರಿಕೊಂಡ ಸುದ್ದಿ ಹೇಳಿದರು. ಅತ್ತೆ ಆಗಷ್ಟೇ ಸ್ನಾನ ಮುಗಿಸಿ, ಪೂಜೆಗೆ ಕೂತು, ಗಂಧ ತೇಯುತ್ತಿದ್ದರು. ಗಂಧದ ಕೊರಡು ಕೆಳಗಿಟ್ಟು, ಗೋಡೆ ಹಿಡಿದು ಎದ್ದು, ಬಚ್ಚಲಿಗೆ ಹೋದರು. ತಣ್ಣೀರು ತಲೆಯ ಮೇಲೆ ಸುರಿದುಕೊಳ್ಳುವ ಸದ್ದು ಹೊರಗೆ ಕೇಳಿಸಿತು. ಸ್ವಂತದವರು ಸತ್ತಾಗ ಮಾತ್ರ ನಮ್ಮ ಮನೆಯಲ್ಲಿ ಹಾಗೆ ಸ್ನಾನ ಮಾಡುವುದು.

ಒದ್ದೆ ಸೀರೆಯಲ್ಲಿ ನಡುಗುತ್ತ ಹೊರಗೆ ಬಂದು, "ನೀನೂ ಮಾಡು" ಎಂದರು. ಬಿಂದಿಗೆ ತುಂಬಿಯೇ ಇತ್ತು. ನಾನು ಒಳಗೆ ಹೋದೆ.