ದೈವಾನೈ ಟೀಚರ್ ಕೊಟ್ಟುಬಿಟ್ಟ ತಮಿಳು ಮಿಷಿನ್ನು

ದೈವಾನೈ ಟೀಚರ್ ಹೊಡೆಯುತ್ತಿದ್ದಳು. ಮೊದಲು ಅದನ್ನೇ ಹೇಳಿಬಿಡಬೇಕು. ಅವಳ ಹತ್ತಿರ ಟೈಪಿಂಗ್ ಕಲಿತವರು ಈಗ ಆ ಪೆಟ್ಟನ್ನೇ ದೇವರ ಪ್ರಸಾದದ ಹಾಗೆ ಹೇಳಿಕೊಂಡು ತಿರುಗುತ್ತಾರೆ. ಆಗ ತಿಂದ ಬೆರಳಿಗೆ ಗೊತ್ತು ಅದು ಎಂಥ ಪ್ರಸಾದ ಎಂದು. ಕಲಿಯುವವರಿಗೆ ಕೀ ಕಾಣದಿರಲಿ ಎಂದು ಕೈಗಳ ಮೇಲೆ ಮರದ ಮುಚ್ಚಳ ಇಡುತ್ತಿದ್ದಳು. ಯಾರಾದರೂ ಬಗ್ಗಿ ಇಣುಕಿದರೋ, ಉಕ್ಕಿನ ಸ್ಕೇಲು ಮಗ್ಗುಲಾಗಿ ಗೆಣ್ಣಿನ ಮೇಲೆ ಬೀಳುತ್ತಿತ್ತು. ಕೂಗಿದರೆ ಇನ್ನೊಂದು.

ಅವಳು ತಮಿಳು ಸೀಮೆಯ ಕೊಂಬೈ ಕಡೆಯ ಒಕ್ಕಲು ಮನೆಯ ಮಗಳು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನೋಡಲು ಬಂದ ಮೂರನೆಯ ಗಂಡು, ಹುಡುಗಿ ಜಗಳಕ್ಕೆ ಬಂದವಳ ಹಾಗೆ ಕೂತಿದ್ದಾಳೆ ಎಂದು ಹೇಳಿ ಕಾಫಿ ಕುಡಿಯದೆ ಎದ್ದುಹೋದ ದಿನ, ನಾಲ್ಕನೆಯವನನ್ನು ಕರೆಯಬೇಡಿ ಎಂದು ಅಪ್ಪನಿಗೆ ಹೇಳಿದಳು. ಆಮೇಲೆ ಕಂಬಂ ಪೇಟೆಯಲ್ಲಿ ಗೊಬ್ಬರದ ಅಂಗಡಿಯ ಮಾಳಿಗೆ ಹಿಡಿದು, ಹಳೆಯ ಎರಡು ಮಿಷಿನ್ ಇಟ್ಟು ಇನ್ಸ್ಟಿಟ್ಯೂಟ್ ತೆರೆದಳು. ಇಪ್ಪತ್ತೈದು ವರ್ಷದವಳು ಆಗ. ಒಂದು ಕಾಲದಲ್ಲಿ ಇಪ್ಪತ್ತು ಮಿಷಿನ್ ಬೆಳಗಿನಿಂದ ಕತ್ತಲಾಗುವ ತನಕ ಬಡಿದುಕೊಳ್ಳುತ್ತಿದ್ದವು. ಮಾಳಿಗೆಯ ಸುಣ್ಣ ಕೆಳಗಿನ ಯೂರಿಯಾ ಮೂಟೆಗಳ ಮೇಲೆ ಉದುರುತ್ತಿತ್ತು. ಅಂಗಡಿಯವನು ಒಮ್ಮೆ ಕೇಳಲು ಹತ್ತಿಬಂದವನು, ಅವಳ ಮುಖ ನೋಡಿ, ಬಂದ ಕಾರಣ ಮರೆತವನಂತೆ ನೀರು ಕೇಳಿ ಕುಡಿದು ಇಳಿದುಹೋದ.

ಕಂಪ್ಯೂಟರ್ ಬಂತು. ಇಪ್ಪತ್ತು ಹನ್ನೆರಡಾಯಿತು, ಹನ್ನೆರಡು ಎಂಟಾಯಿತು. ಆದರೂ ಬಾಗಿಲು ಮುಚ್ಚಲಿಲ್ಲ, ಏಕೆಂದರೆ ಆ ನಾಡಿನಲ್ಲಿ ಸರ್ಕಾರದ ಟೈಪಿಂಗ್ ಪರೀಕ್ಷೆ ಇನ್ನೂ ಕುಟ್ಟುವ ಮಿಷಿನ್ನಿನ ಮೇಲೆಯೇ ನಡೆಯುತ್ತದೆ. ಲೋಯರ್ ಒಂದು, ಹೈಯರ್ ಒಂದು. ಪರೀಕ್ಷೆಯ ಹಿಂದಿನ ದಿನ ಮಿಷಿನ್ನುಗಳನ್ನು ಕುಟ್ಟಿಯಾನೆ ಅನ್ನುವ ಸಣ್ಣ ಲಗೇಜು ಗಾಡಿಗೆ ಏರಿಸಿ ತೇನಿಯ ಕೇಂದ್ರಕ್ಕೆ ಒಯ್ಯಬೇಕು. ಯಾವ ಮಿಷಿನ್ನಿನಲ್ಲಿ ಬೆರಳು ಪಳಗಿತೋ ಅದರ ಮುಂದೆಯೇ ಕೂತು ಬರೆಯಬೇಕು.

ಉಳಿದ ಎಂಟರಲ್ಲಿ ಏಳು ಇಂಗ್ಲಿಷಿನವು, ಒಂದು ತಮಿಳಿನದು. ತಮಿಳು ಮಿಷಿನ್ ಕೆಟ್ಟರೆ ಬಿಡಿಭಾಗ ಸಿಗುವುದಿಲ್ಲ, ಹೋದರೆ ಇನ್ನೊಂದು ಸಿಗುವುದಿಲ್ಲ. ಈ ಸಲ ಅದರ ಮುಂದೆ ಕೂರಬೇಕಾಗಿದ್ದವಳು ಅಮುದಾ.

ಅಮುದಾಳೂ ಕೊಂಬೈಯವಳೇ, ವಯಸ್ಸು ಮೂವತ್ತನಾಲ್ಕು. ಗಂಡ ತಿರುಪ್ಪೂರಿಗೆ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿಕೊಂಡಿದ್ದ. ಇವಳು ದ್ರಾಕ್ಷಿ ಶೆಡ್ಡಿನಲ್ಲಿ ಗೊಂಚಲು ಆರಿಸಿ ಪೆಟ್ಟಿಗೆಗೆ ತುಂಬುವ ಕೆಲಸಕ್ಕೆ ಹೋಗುತ್ತಿದ್ದಳು. ಔಷಧಿ ಹೊಡೆದ ಹಣ್ಣಿನಿಂದ ಬೆರಳ ಸಂದಿ ಬೆಂದಿರುತ್ತಿತ್ತು. ಹೈಯರ್ ಪಾಸು ಮಾಡಿ ಬಂದರೆ ತಮಿಳು ಟೈಪಿಸ್ಟ್ ಜಾಗ ಕೊಡುತ್ತೇವೆ ಎಂದು ಒಂದು ಸೊಸೈಟಿಯವರು ಹೇಳಿದ್ದರು. ಈ ಸಲ ತಪ್ಪಿದರೆ ಆ ಜಾಗ ಬೇರೆಯವರಿಗೆ. ಶೆಡ್ಡಿನ ಕೆಲಸ ಮುಗಿಸಿ ಬಂದು, ಕೈ ತೊಳೆದು, ದಿನಾ ಒಂದು ಗಂಟೆ ಕುಟ್ಟುತ್ತಿದ್ದಳು. ಹದಿನೈದು ವರ್ಷದಲ್ಲಿ ಅಂಥ ಕೈ ದೈವಾನೈ ಕಂಡಿರಲಿಲ್ಲ. ಬೆರಳುಗಳು ಕೀ ಮೇಲೆ ಬೀಳುತ್ತಿರಲಿಲ್ಲ, ಹಾದು ಹೋಗುತ್ತಿದ್ದವು. ಬಾಯಿಬಿಟ್ಟು ಒಂದು ಸಲವೂ ಅವಳು ಅದನ್ನು ಹೇಳಲಿಲ್ಲ.

ಪೊಂಗಲ್ ರಜಕ್ಕೆ ಒಂದು ವಾರ ಇದ್ದಾಗ ಡಿಂಡಿಗಲ್ಲಿನಿಂದ ಶಿವಬಾಲನ್ ಫೋನು ಮಾಡಿದ. ಮೂವತ್ತು ವರ್ಷದ ಹಿಂದೆ ಮೂರು ತಿಂಗಳು ಕಲಿತು ಲೋಯರ್ ಕೂಡ ದಾಟದೆ ಬಿಟ್ಟುಹೋದ ಹುಡುಗ. ಹೋಗಲಿಲ್ಲ, ಇವಳೇ ಓಡಿಸಿದ್ದು. ಇವು ಬೆರಳಲ್ಲ ಬಾಳೆಕಾಯಿ, ಕೊಯ್ದು ಸಂತೆಯಲ್ಲಿ ಮಾರು ಎಂದು ಹುಡುಗಿಯರ ಮುಂದೆ ಹೇಳಿದ್ದಳು. ಈಗ ಅವನಿಗೆ ಹೆದ್ದಾರಿಯ ಮೇಲೆ ದೊಡ್ಡ ಹೋಟೆಲು. ಹಳೆಯ ಶಿಷ್ಯರೆಲ್ಲ ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿದ್ದರಂತೆ. ತಮಿಳು ಮಿಷಿನ್ನಿನ ಮೊದಲ ಪಾಠವನ್ನೇ ಅದಕ್ಕೆ ಹೆಸರಿಟ್ಟಿದ್ದರು: ಯ ಳ ನ ಕ ಪ ಕ. ಟೀಚರಿಗೆ ಒಂದು ಸನ್ಮಾನ ಮಾಡಬೇಕು ಎಂದ. ಬೇಡ ಅನ್ನಲು ಬಾಯಿ ತೆರೆದಳು, ಎಷ್ಟು ಗಂಟೆಗೆ ಎಂದು ಕೇಳಿದಳು.

ಕಂಬಂನ ಒಂದು ಮದುವೆ ಮಂಟಪ. ನಲವತ್ತು ಜನ. ಮದುರೈಯಿಂದ, ಚೆನ್ನೈಯಿಂದ, ಕಾರಿನಲ್ಲಿ ಬಂದವರು. ಯಾರೂ ಈಗ ಟೈಪ್ ಹೊಡೆಯುವವರಲ್ಲ. ಒಬ್ಬೊಬ್ಬರೂ ಮೈಕಿನ ಮುಂದೆ ನಿಂತು ಗೆಣ್ಣು ತೋರಿಸಿದರು. ಆ ಸದ್ದು, ಆ ಸದ್ದು ಎಂದು ಕಣ್ಣು ಒರೆಸಿಕೊಂಡರು. ಲೈನು ಮುಗಿಯುವಾಗ ಟಿಣ್ ಅನ್ನುವ ಗಂಟೆ ಈಗಲೂ ಕನಸಿನಲ್ಲಿ ಕೇಳುತ್ತದೆ ಎಂದಳು ಒಬ್ಬಳು. ಎಲ್ಲರೂ ಚಪ್ಪಾಳೆ ತಟ್ಟಿದರು. ದೈವಾನೈಗೆ ಹೆಗಲ ಮೇಲೆ ಶಾಲು ಬಿತ್ತು. ಅವಳ ಆಯುಸ್ಸಿನಲ್ಲಿ ಯಾರೂ ಅವಳಿಗಾಗಿ ಎರಡು ಕೈ ಸೇರಿಸಿ ತಟ್ಟಿದ್ದಿಲ್ಲ. ಅದು ತಲೆಗೇರಿತು. ಅರವತ್ತರ ಹತ್ತಿರ ಬಂದ ಹೆಂಗಸಿಗೆ ಮೊದಲ ಸಲ ಏರಿದ್ದು ಬೇಗ ಇಳಿಯುವುದಿಲ್ಲ.

ಕೊನೆಗೆ ಶಿವಬಾಲನ್ ಮೈಕು ಹಿಡಿದ. ಟೀಚರ್ ನೆನಪಿಗೆ ನಮಗೆ ಆ ಮಿಷಿನ್ನುಗಳು ಬೇಕು, ಟೀಚರ್ ತಾವಾಗಿ ಬಾಯಿಬಿಟ್ಟು ಕೊಡಬೇಕು ಎಂದ. ಮೈಕನ್ನು ಅವಳ ಬಾಯಿಗೆ ಹಿಡಿದ. ನಲವತ್ತು ಮುಖ ಅವಳನ್ನೇ ನೋಡಿದವು. ಬಾಗಿಲ ಹತ್ತಿರ ಮಜ್ಜಿಗೆ ತಟ್ಟೆ ಹಿಡಿದು ನಿಂತಿದ್ದ ಅಮುದಾಳೂ ನೋಡಿದಳು.

“ಎಲ್ಲಾ ನಿಮ್ದೇ ತಾನೆ ಮಕ್ಕಳೇ,” ಎಂದಳು ದೈವಾನೈ. “ಯಾವ್ದು ಬೇಕೋ ತಕ್ಕೊಂಡೋಗಿ.”

ಮತ್ತೆ ಚಪ್ಪಾಳೆ. ಎಂದಾದರೂ ಒಂದು ದಿನ, ಪರೀಕ್ಷೆ ಮುಗಿದ ಮೇಲೆ, ಇಬ್ಬರೋ ಮೂವರೋ ಬಂದು ಕೇಳಿಯಾರು ಎಂದುಕೊಂಡಿದ್ದಳು. ಅವರು ಗಾಡಿ ತಂದೇ ಬಂದಿದ್ದರು. ಉಂಡ ಎಲೆ ಎತ್ತುವ ಮೊದಲೇ ಗೊಬ್ಬರದ ಅಂಗಡಿಯ ಮೆಟ್ಟಿಲು ದಡದಡ ಅಂದಿತು. ನಾನು ಕೂತದ್ದು ಇದು, ನಾನು ಕೂತದ್ದು ಅದು ಎಂದು ಮಕ್ಕಳ ಹಾಗೆ ಕಿತ್ತಾಡಿ ಏಳನ್ನು ಇಳಿಸಿದರು. ಎಂಟನೆಯದನ್ನು ಶಿವಬಾಲನ ಡ್ರೈವರ್ ಎತ್ತಿದ.

ದೈವಾನೈಯ ಹಿಂದೆಯೇ ಮಾಳಿಗೆ ಹತ್ತಿಬಂದಿದ್ದ ಅಮುದಾ ಹತ್ತಿರ ಬಂದು ಮೆಲ್ಲಗೆ ಅಂದಳು, “ಟೀಚರ್, ತಮಿಳು ಮಿಷಿನ್ನು. ಪರೀಕ್ಷೆ ಐತಲ್ಲ.”

ನಾಲ್ಕು ಜನ ತಿರುಗಿ ನೋಡಿದರು. ಶಿವಬಾಲನ್ ಕೂಡ ನೋಡಿದ. ಈಗ ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಶಾಲು ಇನ್ನೂ ಹೆಗಲ ಮೇಲಿತ್ತು.

“ದೊಡ್ಡೋರು ಮಾತಾಡೋವಾಗ ನಿಂಗೇನೇ ಕೆಲ್ಸ? ಮಂಟಪಕ್ಕೋಗಿ ಮಜ್ಜಿಗೆ ಗ್ಲಾಸು ತೊಳಿ ಹೋಗು.”

ಡ್ರೈವರ್ ಇಳಿಸಿಕೊಂಡು ಹೋದ.

ಮಾರನೆಯ ದಿನ ಮಾಳಿಗೆಯಲ್ಲಿ ಎಂಟು ಮೇಜು, ಎಂಟು ಸ್ಟೂಲು. ಇಂಗ್ಲಿಷ್ ಕಲಿಯುತ್ತಿದ್ದ ನಾಲ್ಕು ಹುಡುಗರು ಪರೀಕ್ಷೆಗೆ ಕಟ್ಟಿರಲಿಲ್ಲ. ಬಾಗಿಲಲ್ಲಿ ನಿಂತು ನೋಡಿ ನಗುತ್ತಾ ಇಳಿದುಹೋದರು. ಅಮುದಾ ಮಾತ್ರ ದಿನಾ ಬಂದಳು. ರಟ್ಟಿನ ಮೇಲೆ ಪೆನ್ನಿನಿಂದ ಕೀಗಳನ್ನೆಲ್ಲ ಬರೆದುಕೊಂಡು ಬಂದಿದ್ದಳು. ಅದನ್ನು ಮೇಜಿನ ಮೇಲಿಟ್ಟು ಸದ್ದಿಲ್ಲದೆ ಬೆರಳಾಡಿಸುವಳು. ಮಿಷಿನ್ ಯಾವಾಗ ಬರುತ್ತದೆ ಎಂದು ಕೇಳಿದಾಗಲೆಲ್ಲ ಬರುತ್ತದೆ ಎಂದು ದೈವಾನೈ ಗದರುವಳು.

ಎರಡು ವಾರ ಹೀಗೆ ತಳ್ಳಿ ಡಿಂಡಿಗಲ್ಲಿಗೆ ಬಸ್ಸು ಹತ್ತಿದಳು.

ಹೋಟೆಲಿನ ಬಾಗಿಲಲ್ಲೇ ಅದು ಕೂತಿತ್ತು. ಮೈಯೆಲ್ಲ ಚಿನ್ನದ ಬಣ್ಣ ಹೊಡೆದಿದ್ದರು. ಉರುಳೆಗೆ ಪ್ಲಾಸ್ಟಿಕ್ ಮಲ್ಲಿಗೆ ಸುತ್ತಿದ್ದರು. ಗಿರಾಕಿಗಳು ಪಕ್ಕದಲ್ಲಿ ನಿಂತು ಫೋಟೋ ಹಿಡಿಯುತ್ತಿದ್ದರು. ದೈವಾನೈ ಒಂದು ಕೀ ಒತ್ತಿದಳು. ಅಲುಗಲಿಲ್ಲ. ಇನ್ನೊಂದು. ಅದೂ ಇಲ್ಲ. ಬಗ್ಗಿ ನೋಡಿದರೆ ಅಕ್ಷರದ ಕಡ್ಡಿಗಳೆಲ್ಲ ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದವು.

ಶಿವಬಾಲನ್ ಓಡಿಬಂದು ಕಾಲಿಗೆ ಬಿದ್ದ. ಒಳಗೆ ಕೂರಿಸಿ ಫಿಲ್ಟರ್ ಕಾಫಿ ತರಿಸಿದ. ಮಕ್ಕಳು ಟಕಟಕ ಬಡಿದು ಉಣ್ಣುವವರಿಗೆ ತಲೆನೋವು ತರುತ್ತಿದ್ದರಂತೆ, ಅದಕ್ಕೆ ಗೋಂದು ಸುರಿಸಿಬಿಟ್ಟನಂತೆ. ಅವಳು ಪರೀಕ್ಷೆಯ ವಿಷಯ ಹೇಳಿದಳು, ಅಮುದಾಳ ವಿಷಯ ಹೇಳಿದಳು. ಅವನು ಸಮಾಧಾನವಾಗಿ ಎಲ್ಲವನ್ನೂ ಕೇಳಿ ಫೋನು ತೆಗೆದು ಆ ದಿನದ ವೀಡಿಯೋ ಹಾಕಿದ. ಯಾವ್ದು ಬೇಕೋ ತಕ್ಕೊಂಡೋಗಿ. ಚಪ್ಪಾಳೆ. ಎರಡು ಸಲ ಹಾಕಿದ.

“ನನ್ ಬೆರಳು ಬಾಳೆಕಾಯಿ ಅಂದಿದ್ರಿ ಟೀಚರ್,” ಎಂದ ನಗುತ್ತಲೇ. “ಈಗ ನೋಡಿ, ಅದ್ರಲ್ಲಿ ಯಾರ್ ಬೆರಳೂ ಓಡಾಕಿಲ್ಲ. ಕಾಫಿ ಆರೋಗ್ತದೆ, ಕುಡೀರಿ.”

ಕುಡಿದಳು. ಬಸ್ಸಿನ ತನಕ ಕಾರು ಕಳಿಸುತ್ತೇನೆ ಎಂದ. ಬೇಡ ಅಂದು ಬಿಸಿಲಲ್ಲಿ ನಡೆದಳು.

ಉಳಿದದ್ದು ಒಂದೇ ದಾರಿ, ತೇನಿಯ ಸೇಕರ್. ಅವನ ಇನ್ಸ್ಟಿಟ್ಯೂಟಿನಲ್ಲಿ ಎರಡು ತಮಿಳು ಮಿಷಿನ್ ಇದ್ದವು. ಇಬ್ಬರು ಮಾಲೀಕರೂ ಒಪ್ಪಿದರೆ ಒಬ್ಬರ ಮಿಷಿನ್ನಿನಲ್ಲಿ ಇನ್ನೊಬ್ಬರ ಕಡೆಯವರನ್ನು ಕೂರಿಸುವ ರೂಢಿ ಆ ಕಡೆ ಇತ್ತು. ಆದರೆ ಆರು ವರ್ಷದ ಹಿಂದೆ ಪರೀಕ್ಷೆಯ ಕೇಂದ್ರದಲ್ಲಿ, ಅವನ ಶಿಷ್ಯರೆಲ್ಲ ನಿಂತಿರುವಾಗಲೇ, ನಿನಗೆ ಕಲಿಸಲು ಬರುವುದಿಲ್ಲ, ಹೋಗಿ ಬಾಳೆಮಂಡಿಯಲ್ಲಿ ಗೊನೆ ಹೊರು ಎಂದು ಅವಳು ಹೇಳಿದ್ದಳು. ಫೋನಿನಲ್ಲಿ ಸೇಕರ್ ತಮಿಳಿನಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದ. ಮಿಷಿನ್ ಕೊಡುತ್ತೇನೆ ಅಕ್ಕಾ, ಆ ಹೆಣ್ಣುಮಗಳು ನಾಳೆಯಿಂದಲೇ ಬಂದು ಕೂರಲಿ. ನೀವು ಒಂದು ಸಲ ಬಂದು ನನ್ನ ಹುಡುಗರ ಮುಂದೆ ನಿಂತು, ಆ ದಿನ ಹೇಳಿದ್ದು ತಪ್ಪಾಯಿತು ಅನ್ನಿ. ಅಷ್ಟೇ. ಕೈ ಮುಗಿಯುವುದೂ ಬೇಡ.

ಪರೀಕ್ಷೆಗೆ ಒಂಬತ್ತು ದಿನ ಇತ್ತು. ತೇನಿಗೆ ಬಸ್ಸು ಹತ್ತಲು ಎರಡು ಸಲ ಸ್ಟ್ಯಾಂಡಿಗೆ ಹೋದಳು. ಎರಡು ಸಲವೂ ಬಸ್ಸು ಹೊರಡುವವರೆಗೆ ನಿಂತು, ಅದು ಹೋದ ಮೇಲೆ ವಾಪಸ್ಸು ಬಂದಳು. ಸನ್ಮಾನದ ದಿನ ಕೊಟ್ಟು, ಗೋಡೆಗೆ ಆನಿಸಿಟ್ಟಿದ್ದ ಫಲಕಕ್ಕೆ ಬೆನ್ನು ಹಾಕಿ ಕೂತಳು. ಆದರೂ ಅದನ್ನು ತೆಗೆದಿಡಲಿಲ್ಲ.

ಮೂರು ದಿನ ಉಳಿದಿರುವಾಗ ಅಮುದಾ ಹಾಲ್ ಟಿಕೆಟ್ ತಂದು ತೋರಿಸಿದಳು. ಮಿಷಿನ್ ಬರದಿದ್ದರೆ ಬೇರೆ ಎಲ್ಲಾದರೂ ಕೇಳೋಣವೇ, ತೇನಿಯಲ್ಲಿ ಒಬ್ಬರು ಇದ್ದಾರಂತಲ್ಲ, ತಾನೇ ಹೋಗಿ ಕಾಲು ಹಿಡಿಯಲೇ ಎಂದು ಕೇಳಿದಳು.

ಅಮುದಾ ಸೇಕರನ ಮುಂದೆ ನಿಂತರೆ ಎಲ್ಲ ಹೊರಬೀಳುತ್ತದೆ. ಮಿಷಿನ್ ಸಿಗುತ್ತಿತ್ತು, ಒಂದು ಮಾತಿಗೆ ಸಿಗುತ್ತಿತ್ತು ಎಂದು ಅವಳಿಗೆ ಗೊತ್ತಾಗುತ್ತದೆ.

“ಕೂತ್ಕೋ,” ಎಂದಳು ದೈವಾನೈ. “ರಟ್ಟಿಡು. ಹತ್ ನಿಮಿಷ ಹೊಡಿ.”

ಗಡಿಯಾರ ನೋಡಿಕೊಂಡು ಪಾಠ ಓದಿದಳು. ಅಮುದಾ ಕಣ್ಣೆತ್ತಿ ಗೋಡೆ ನೋಡುತ್ತಾ ರಟ್ಟಿನ ಮೇಲೆ ಹೊಡೆದಳು. ಇಷ್ಟು ದಿನ ಮಿಷಿನ್ ಇಲ್ಲದೆಯೂ ಬೆರಳು ಮಂದವಾಗಿರಲಿಲ್ಲ. ಹತ್ತು ನಿಮಿಷದಲ್ಲಿ ಒಂದು, ಒಂದೇ ಒಂದು ಸಲವೂ ಬೇರೆ ಅಕ್ಷರದ ಮೇಲೆ ಬೀಳಲಿಲ್ಲ. ದೈವಾನೈ ಎಲ್ಲವನ್ನೂ ನೋಡಿದಳು. ಮೂವತ್ತೈದು ವರ್ಷ ಬೆರಳನ್ನೇ ನೋಡಿದ ಕಣ್ಣು, ಅದಕ್ಕೆ ತಪ್ಪುವುದಿಲ್ಲ. ಎಷ್ಟು ಕಟುಕಿಯಾದರೂ ಬೆರಳಿನ ವಿಷಯದಲ್ಲಿ ಅವಳು ಸುಳ್ಳು ಹೇಳಿದವಳಲ್ಲ ಎಂದು ಅವಳ ಶತ್ರುಗಳೂ ಒಪ್ಪುತ್ತಿದ್ದರು.

“ಬೇಡ ಬಿಡು,” ಎಂದಳು. “ಈ ಪರೀಕ್ಷೆ ನಿಂಗಲ್ಲ.”

ಅಮುದಾಳ ಕೈ ರಟ್ಟಿನ ಮೇಲೇ ಇತ್ತು.

“ಎಡಗೈ ಕಿರುಬೆರಳು ಸತ್ತೈತೆ. ಏಳಾಕಿಲ್ಲ. ಹಣ್ಣಿನ್ ಮದ್ದು ತಿಂದಾಕೈತೆ ಅದ್ನ. ಮಿಷಿನ್ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ. ಇನ್ ಹತ್ ವರ್ಷ ಕುಟ್ಟಿದ್ರೂ ನಿಂಗೆ ಹೈಯರ್ ಬರಾಕಿಲ್ಲ. ಬೇಜಾರ್ ಮಾಡ್ಕೊತೀಯಾಂತ ಇಷ್ಟ್ ದಿನ ಹೇಳ್ಲಿಲ್ಲ.”

ಅಮುದಾ ಅಳಲಿಲ್ಲ. ಕಿರುಬೆರಳನ್ನು ಮುಖದ ಹತ್ತಿರ ತಂದು ನೋಡಿದಳು. ಒಮ್ಮೆ ಮಡಚಿದಳು, ಬಿಡಿಸಿದಳು. ಹಾಲ್ ಟಿಕೆಟ್ಟನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡಳು.

“ನಂಗೂ ಅನ್ನಿಸ್ತಿತ್ತು ಟೀಚರ್, ಆ ಬೆರಳು ಒಂದೊಂದ್ಸಲ ಮರಗಟ್ಟಿದಂಗೆ,” ಎಂದಳು. “ಬೇರೆ ಯಾರಾದ್ರೂ ಆಗಿದ್ರೆ ಪರವಾಯಿಲ್ಲ ಬರಿ ಅಂದು ಪರೀಕ್ಷೆ ಹಾಲಿಗೆ ಕಳಿಸಿ ಮಾನ ಕಳೀತಿದ್ರು. ನೀವಾದ್ರೂ ನಿಜ ಹೇಳಿದ್ರಿ.”

ಬಗ್ಗಿ ಅವಳ ಕಾಲು ಮುಟ್ಟಿದಳು. ದೈವಾನೈ ಕಾಲು ಹಿಂದೆ ಎಳೆದುಕೊಳ್ಳಲಿಲ್ಲ. ಕೊಂಬೈ ಬಸ್ಸಿಗೆ ಹೊತ್ತಾಯಿತು, ಹೊರಡು ಎಂದಳು ಅಷ್ಟೇ. ಅಮುದಾ ಬಲಗೈಯಲ್ಲಿ ತನ್ನ ಎಡಗೈಯ ಕಿರುಬೆರಳನ್ನು ಹಿಡಿದುಕೊಂಡು, ನೀವುತ್ತಾ, ಒಂದೊಂದೇ ಮೆಟ್ಟಿಲು ಇಳಿದುಹೋದಳು.