ಅವ್ವನ ಕಣ್ಣಿನ ಮಟ್ಟ

ಅಕ್ಕ ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟ ದಿನ ಅವ್ವ ಅವಳೊಂದಿಗೆ ಮಾತಾಡಲಿಲ್ಲ. ಅದೇ ವರ್ಷ ಅವ್ವ ತೀರಿಕೊಂಡಳು. ರಜೆ ಸಿಕ್ಕು ಅಕ್ಕ ನಮ್ಮೂರು ರಾಯದುರ್ಗ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅವ್ವ ತನ್ನ ಮೇಲಿನ ಸಿಟ್ಟಿನಲ್ಲೇ ಹೋದಳು ಎಂಬುದು ಅವಳ ತಲೆಯಲ್ಲಿ ಕೂತುಬಿಟ್ಟಿತು.

ಕೆಲವು ವರ್ಷಗಳ ಮೇಲೆ ಬಂದವಳು ನನಗೆ, 'ಅವ್ವ ಮಲಗಿದ್ದ ಕೋಣಿ ಚಿತ್ರ ಬರದುಕೊಡು' ಎಂದಳು. ಫೋಟೊ ಒಂದೂ ಇರಲಿಲ್ಲ. ಆ ಕೋಣೆಯಲ್ಲೀಗ ನಮ್ಮ ಜೀನ್ಸ್ ಹೊಲಿಯುವ ಮಷಿನ್‌ಗಳಿದ್ದವು. ನಾನು ಒಂದು ಕಾಲಕ್ಕೆ ಡ್ರಾಯಿಂಗ್ ಪರೀಕ್ಷೆ ಪಾಸಾದವಳು. ಈಗ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವುದಷ್ಟೇ ಕೆಲಸ. ಆದರೂ ಕೈ ಮರೆತಿರಲಿಲ್ಲ. ಕಾಗದದ ಮೇಲೆ ತೊಲೆಗಳೆಲ್ಲ ದೂರದ ಒಂದೇ ಬಿಂದುವಿನತ್ತ ಓಡಿದವು. ಗೋಡೆಯ ಗೂಡಿನೊಳಗೆ ಪೆನ್ಸಿಲ್ ಉಜ್ಜಿ ಕತ್ತಲೆ ತುಂಬಿದೆ.

ಅಕ್ಕ ನೋಡಿ, 'ಕೋಣಿ ಐತಿ. ಅವ್ವ ಎಲ್ಲದಾಳ?' ಎಂದಳು.

ನನಗೆ ರೇಗಿತು. 'ನಾ ಏನ್ ದೇವ್ರೇನ? ಕೋಣಿ ಕೇಳಿದಿ, ಕೋಣಿ ಬರದೀನಿ!'

ಬೈದೆನೇ ಹೊರತು ಚಿತ್ರ ನನಗೂ ಸುಳ್ಳೆನಿಸಿತು. ನಿಂತು ನೋಡುವವಳ ಕಣ್ಣಿನ ಮಟ್ಟಕ್ಕೆ ಗೆರೆ ಎಳೆದುಕೊಂಡು ಬರೆದಿದ್ದೆ. ಕೊನೆಯ ತಿಂಗಳುಗಳಲ್ಲಿ ಅವ್ವ ಎದ್ದು ನಿಂತವಳೇ ಅಲ್ಲ.

ಮರುದಿನ ಮಧ್ಯಾಹ್ನ ಕರೆಂಟು ಹೋಯಿತು. ಹೊಲಿಯುವವರು ಊಟಕ್ಕೆ ಎದ್ದರು. ಅವ್ವನ ಚಾಪೆ ಇದ್ದ ಜಾಗದಲ್ಲಿ, ನೂಲಿನ ಚೂರುಗಳ ಮೇಲೆ, ಅವಳ ಹಾಗೆಯೇ ಉತ್ತರಕ್ಕೆ ತಲೆ ಹಾಕಿ ಮಲಗಿ ಕಣ್ಣು ಮುಚ್ಚಿದೆ. ಉತ್ತರಕ್ಕೆ ತಲೆ ಹಾಕಿ ಯಾರು ಮಲಗುತ್ತಾರೆ? ಕೆಟ್ಟದ್ದು ಎಂದು ಬಂದವರೆಲ್ಲ ಗದರಿದರೂ ಅವ್ವ ಹಟ ಬಿಟ್ಟಿರಲಿಲ್ಲ. ಕಾಯಿಲೆಗೆ ತಲೆ ಕೆಟ್ಟಿದೆ ಅಂದುಕೊಂಡು ನಾವೂ ಸುಮ್ಮನಾಗಿದ್ದೆವು.

ಪಕ್ಕದಲ್ಲೇ ಯಾರೋ ಉಸಿರೆಳೆದಂತಾಯಿತು. ಸುಳ್ಳು ಯಾಕೆ ಹೇಳಲಿ, ಎದ್ದು ಓಡಬೇಕೆನಿಸಿತು. ಗಟ್ಟಿ ಮನಸ್ಸು ಮಾಡಿ ಕಣ್ಣು ಬಿಟ್ಟೆ. ತೊಲೆ, ಗೋಡೆ, ನೆಲದ ಬಂಡೆಗಳ ಸಂದು, ಎಲ್ಲ ಗೆರೆಗಳೂ ನನ್ನ ಪಾದಗಳ ಆಚೆ ಬೀದಿಬಾಗಿಲಲ್ಲಿ ಹೋಗಿ ಸೇರುತ್ತಿದ್ದವು. ಬೇರೆ ಯಾವ ಕಡೆ ತಲೆ ಹಾಕಿದರೂ ಆ ಬಾಗಿಲು ಕಾಣದು. ಬಾಗಿಲಾಚೆ ಬಸ್ಸಿಳಿದವರು ನಡೆದು ಬರುವ ಓಣಿ. ಅಯ್ಯೋ ಶಿವನೇ, ಇಷ್ಟು ವರ್ಷ ನನಗಿದು ಹೊಳೆದಿರಲಿಲ್ಲ.

ಹಾಗೆಯೇ ಬರೆದೆ. ಕಣ್ಣಿನ ಮಟ್ಟದ ಗೆರೆ ನೆಲಕ್ಕೆ ತಾಗುವಷ್ಟು ಕೆಳಗಿಳಿಯಿತು, ಗೋಡೆಗಳು ಕಪ್ಪಗೆ ಮೇಲೆದ್ದವು. ಬಾಗಿಲಿನಷ್ಟು ಕಾಗದವನ್ನು ಮಾತ್ರ ಬಿಳಿ ಬಿಟ್ಟೆ.

ಅಕ್ಕ ಚಿತ್ರ ಕೈಗೆ ತೆಗೆದುಕೊಂಡಳು. 'ಬಾಗಿಲ ಯಾಕ ತೆರದೈತಿ?'

'ಹಾಕಾಕ ಅವ್ವ ಬಿಡ್ತಿರಲಿಲ್ಲ. ಗಾಳಿಗೆ ಅಂದ್ಕೊಂಡಿದ್ವಿ ನಾವು.'

ಅಕ್ಕ ಆ ಬಿಳಿಯ ಮೇಲೆ ಬೆರಳಿಟ್ಟಳು. 'ನಾ ಬರೋ ದಾರಿ ಇದು' ಎಂದಳು. ಆಮೇಲೆ ಅವಳು 'ಅವ್ವಾ' ಎಂದು ಚೀರಿದ್ದಕ್ಕೆ ಒಳಗೆ ಹೊಲಿಯುತ್ತಿದ್ದವರೆಲ್ಲ ಮಷಿನ್ ನಿಲ್ಲಿಸಿದರು.