ಓಲ್ಚೆ ಎತ್ತಿಕೊಂಡು ಬಂದ ಮರಿ

ಕೋಳಿ ಕೂಗುವ ಮೊದಲೇ ಒಲೆ ಹೊತ್ತಿಸಬೇಕು. ಅರಿಶಿನದ ಅನ್ನಕ್ಕೆ ತೆಂಗಿನಹಾಲು ಹಿಂಡಬೇಕು, ಮೀನು ಬಿಡಿಸಿ ಹುರಿಯಬೇಕು, ಹಂದಿಗೆ ಮುಸುರೆ ಸುರಿಯಬೇಕು, ಹಾಸಿಗೆ ಹಿಡಿದ ಅತ್ತೆಯ ಬಟ್ಟೆ ಬದಲಿಸಬೇಕು. ಏಳು ತಿಂಗಳ ಮೊಮ್ಮಗಳನ್ನು ಆ ಅತ್ತೆಯ ಮಗ್ಗುಲಲ್ಲೇ ಮಲಗಿಸಿ, ಅನ್ನ ಕಟ್ಟುವ ವೋಕಾ ಎಲೆ ಕೊಯ್ಯಲು ಕಾಡಿಗೆ ಓಡಬೇಕು. ಅಷ್ಟರಲ್ಲಿ ಓಲ್ಚೆಯ ಗಂಡ ಒಂದು ಸಲ ಮಗ್ಗುಲು ಬದಲಿಸಿರುತ್ತಿದ್ದ.

ಸುಲಾವೇಸಿ ದ್ವೀಪದ ಆ ಕಾಡಂಚಿನ ಊರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬೆಳಗಿನ ತಿಂಡಿಯೆಂದರೆ ಓಲ್ಚೆಯ ಪೊಟ್ಟಣವೇ.

ಅವತ್ತು ಎಲೆಗೆ ಕತ್ತಿ ಹಾಕುವಾಗ ಪಕ್ಕದ ಕೊಂಬೆಯಲ್ಲಿ, ಇರುಳಲ್ಲಿ ಬೇಟೆಯಾಡುವ ಪುಟ್ಟ ಕೋತಿಯಂಥ ತಂಗ್‌ಕಾಸಿ ಮರಿಯೊಂದು ಒಂಟಿಯಾಗಿ ಅಂಟಿಕೊಂಡಿತ್ತು. ಹಿಡಿಯೊಳಗೆ ಮುಚ್ಚಿಹೋಗುವಷ್ಟು ಮೈ, ಮುಖದ ತುಂಬ ಕಣ್ಣು. ದೊಡ್ಡವು ನಸುಕಿನಲ್ಲಿ ಸಿಳ್ಳೆ ಹಾಕುತ್ತ ಮರದ ಪೊಟರೆಗೆ ಮರಳುವುದನ್ನು ಅವಳು ದಿನವೂ ಕೇಳುತ್ತಿದ್ದಳು. ಒಂಟಿ ಮರಿಯನ್ನು ಕಂಡದ್ದು ಇದೇ ಮೊದಲು. ಅಂಗಿಯೊಳಗೆ ಇಟ್ಟುಕೊಂಡು ಬಂದಳು.

ಪೊಟ್ಟಣಕ್ಕಾಗಿ ಹೆಂಗಸರು ಜಗಲಿಯಲ್ಲಿ ಸೇರಿದ್ದರು. ಮೀನಿನ ಕಾರ್ಖಾನೆಯ ವ್ಯಾನಿಗೆ ಕಾಯುತ್ತ ಸೊಸೆ ವೂಲಾನ್ ಕೂಡ ಇದ್ದಳು. ಓಲ್ಚೆ ಮರಿಯನ್ನು ಎತ್ತಿ ತೋರಿಸಿದಳು.

"ನೋಡ್ರೇ, ಕಾಡಲ್ಲೂ ಒಬ್ಳು ವೂಲಾನ್ ಇದಾಳೆ! ಹೆತ್ತು, ಕೊಂಬೆಗೆ ತಗಲಾಕಿ ಹೋಗಿದಾಳೆ."

ವೂಲಾನ್ ತಲೆ ತಗ್ಗಿಸಿದಳು. ಅವಳ ಅಂಗಿಯ ಎದೆ ಆಗಲೇ ಹಾಲಿಗೆ ಒದ್ದೆಯಾಗಿತ್ತು.

ಎಲ್ಲರಿಗೂ ಅಜ್ಜಿಯಾದ ಓಮಾ ತಿಂಚೆ ಎಲೆ ಬಿಚ್ಚುತ್ತಿದ್ದವಳು ಗಹಗಹಿಸಿದಳು. "ಅಯ್ಯೋ ಪೆದ್ದಿ! ತಂಗ್‌ಕಾಸಿ ಮರೀನ ಬಾಯಲ್ಲಿ ಕಚ್ಕೊಂಡು ತಿರುಗ್ತದೆ. ಬಾಯ್ತುಂಬ ಮರಿ ಇದ್ರೆ ಮಿಡತೆ ಯಾವುದ್ರಲ್ಲಿ ತಿನ್ಲಿ, ನಿನ್ನ ಸೌಟಲ್ಲಾ? ಅದಕ್ಕೇ ಕೊಂಬೇಲಿ ಕೂರ್ಸಿ ಹೋಗ್ತದೆ. ಬೆಳಕಾಗೋದ್ರೊಳಗೆ ಬಂದು ಎತ್ಕೊಳ್ತದೆ."

"ಹಂಗಾದ್ರೆ..."

"ಹಂಗಾದ್ರೆ ಏನು? ಬಿಟ್ಟೋದವಳು ಅವಳಲ್ಲ. ಕದ್ದವಳು ನೀನು!"

"ಇನ್ಮೇಲೆ ಎಲೆ ಜತೆ ಮಕ್ಳನ್ನೂ ಕೊಯ್ಕೊಂಡು ಬರ್ತಾಳೆ ಬಿಡಿ," ಎಂದಳು ಇನ್ನೊಬ್ಬಳು.

ಎಲ್ಲರೂ ನಕ್ಕರು. ವೂಲಾನ್ ನಗಲಿಲ್ಲ. "ಬರ್ತೀನಿ ಮಮಾ. ಹತ್ತು ಗಂಟೆಗೆ ಮಗೂಗೆ ಗಂಜಿ," ಎಂದು ಓಲ್ಚೆಗೆ ಹೇಳಿ ವ್ಯಾನ್ ಹತ್ತಿದಳು. ಆ ನಗೆಯನ್ನು ಓಲ್ಚೆ ನುಂಗಿಕೊಂಡಳು. ಸೊಸೆಯ ಈ ಮಾತನ್ನು ನುಂಗಲಾಗಲಿಲ್ಲ.

ಮಗ ತಿಂಗಳುಗಟ್ಟಲೆ ಮೀನಿನ ದೋಣಿಯಲ್ಲಿರುತ್ತಿದ್ದ. ಅವನು ಕೂಸು ಬಿಟ್ಟು ಹೋದನೆಂದು ತಾನು ಒಂದು ದಿನವೂ ಆಡಿರಲಿಲ್ಲ. ಅದೇ ಮಗನನ್ನು ಎದೆಹಾಲಿನ ಕಾಲದಲ್ಲಿ ಪಕ್ಕದ ಮನೆಯ ಚಾಪೆಯ ಮೇಲೆ ಹಾಕಿ ತಾನು ಎಲೆಗೆ ಓಡಿದ್ದಳು. ಇವತ್ತು ಬೆಳಿಗ್ಗೆ ಮಾಡಿದ್ದೂ ಅದನ್ನೇ.

"ಕತ್ತಲಲ್ಲಿಡು. ಸಂಜೆ ಅದೇ ಕೊಂಬೆಗೆ ಬಿಡು. ತಾಯಿ ಬಂದ್ರೆ ಬಂತು," ಎಂದಿದ್ದಳು ಓಮಾ.

ಮರಿಯನ್ನಿಟ್ಟ ಬುಟ್ಟಿಯ ಬಟ್ಟೆ ಸರಿಸಿದಾಗಲೆಲ್ಲ ಆ ಕಣ್ಣುಗಳು. ಮಧ್ಯಾಹ್ನದ ಹೊತ್ತಿಗೆ ಮರಿಯ ಹಿಡಿತ ಸಡಿಲವಾಗಿತ್ತು. ಸಂಜೆ ಮೊಮ್ಮಗಳನ್ನು ಗಂಡನ ತೊಡೆಯ ಮೇಲೆ ಕೂರಿಸಿ ಹೊರಟಳು.

"ಊಟ?"

"ಪಾತ್ರೆ ಒಲೆ ಮೇಲಿದೆ. ಕೈ ನಿಮ್ಮತ್ರಾನೇ ಇದೆ."

ಬೆಳಿಗ್ಗೆ ಕಡಿದ ವೋಕಾ ದಂಟು ಇನ್ನೂ ಹಸಿಯಾಗಿತ್ತು. ಪಕ್ಕದ ಅದೇ ಕೊಂಬೆಗೆ ಮರಿಯನ್ನು ಒತ್ತಿ ಹಿಡಿದಳು. ಬೆರಳುಗಳು ಒಂದೊಂದಾಗಿ ಹಿಡಿದುಕೊಂಡವು. ಮರದಡಿ ಕುಳಿತಳು. ಮೇಲೆಲ್ಲೋ ತೆಳ್ಳಗಿನ ಸಿಳ್ಳೆ. ಹತ್ತಿರ ಬಂತು. ನಿಂತಿತು. ಮತ್ತೆ ದೂರ ಸರಿಯಿತು.

ತಾನಿರುವ ತನಕ ಅದು ಇಳಿಯುವುದಿಲ್ಲ.

ತಾಯಿ ಮರಿಯನ್ನು ಕಚ್ಚಿಕೊಂಡು ಹೋಗುವುದನ್ನು ಕಣ್ಣಾರೆ ಕಂಡು, ವೂಲಾನ್‌ಗೆ ಆ ಸುದ್ದಿ ಹೇಳಬೇಕೆಂದುಕೊಂಡಿದ್ದಳು. ಆ ಒಂದು ಸುದ್ದಿ ಸಿಕ್ಕರೆ ಮಿಕ್ಕ ಮಾತು ಆಡದೆಯೇ ನಡೆದುಹೋಗುತ್ತಿತ್ತು. ಈಗ ಎದ್ದರೆ ಹೇಳಲು ಉಳಿಯುವುದು ತನ್ನ ತಪ್ಪೊಂದೇ.

ಓಲ್ಚೆ ಎದ್ದಳು. ತಿರುಗಿ ನೋಡದೆ, ವೂಲಾನ್ ಮರಳುವ ವ್ಯಾನು ಬಂದು ನಿಲ್ಲುವ ರಸ್ತೆಯ ಕಡೆಗೆ ನಡೆದಳು.